ಒಂದೇ ಲಕೋಟೆಯಲ್ಲಿ ಎರಡು ಅರ್ಜಿ

ಸಾಲ್ಟ್ ಫೋರ್ಕ್, ಕೊಲೊರಾಡೊ
೧೪ ಜನವರಿ ೨೦೦೭

ಮಗಳು ಟ್ವೈಲಾಗೆ,

ವನ್ಯಜೀವಿ ಇಲಾಖೆಯ ಈ ವರ್ಷದ ಬೇಟೆ ನಿಯಮಗಳ ಪುಸ್ತಕ ನಿನ್ನೆ ಬಂತು. ಅಂಚೆಯವನು ಡಬ್ಬಿಗೆ ಹಾಕದೆ ಹಿಮದ ಮೇಲೆ ಎಸೆದು ಹೋಗಿದ್ದ. ಒಲೆಯ ಮುಂದೆ ಕೂತು ಒಂದೊಂದೇ ಹಾಳೆ ಒಣಗಿಸಿಕೊಂಡು ಓದಿದೆ. ನೀನು ಮದುವೆಯಾಗಿ ಮಾಂಟ್ರೋಸ್‌ಗೆ ಹೋಗಿ ಆರು ವರ್ಷವಾಯಿತು, ನಿನ್ನ ಹೆಸರಿನ ಕಾಗದಗಳು ಇನ್ನೂ ನನ್ನ ಡಬ್ಬಿಗೇ ಬೀಳುತ್ತವೆ. ವಿಳಾಸ ಬದಲಿಸು ಎಂದು ಎಷ್ಟು ಸಲ ಹೇಳಬೇಕು? ಬಟ್ಟೆ ಅಂಗಡಿಯ ಜಾಹೀರಾತುಗಳಿಂದ ಒಲೆ ಹೊತ್ತಿಸುತ್ತಿದ್ದೇನೆ. ಚೆನ್ನಾಗಿ ಉರಿಯುತ್ತವೆ.

ನನ್ನ ಹೆಸರಿನಲ್ಲಿ ಈಗ ಹದಿನಾರು ಪಾಯಿಂಟು. ಹದಿನಾರು ವರ್ಷ ಜಿಂಕೆ ಬೇಟೆಯ ಪರವಾನಗಿ ಚೀಟಿಗೆ ಅರ್ಜಿ ಹಾಕಿ, ಹದಿನಾರು ವರ್ಷ ‘ನಿಮಗೆ ಚೀಟಿ ಬಂದಿಲ್ಲ’ ಅನ್ನಿಸಿಕೊಂಡು, ವರ್ಷಕ್ಕೊಂದರಂತೆ ಕೂಡಿಟ್ಟಿದ್ದು. ಒಮ್ಮೆ ಚೀಟಿ ಬಂತೆಂದರೆ ಎಲ್ಲವೂ ಸೊನ್ನೆ, ಮತ್ತೆ ಮೊದಲಿನಿಂದ. ನನಗೆ ಅರವತ್ತೇಳು. ಇನ್ನೊಮ್ಮೆ ಕೂಡಿಸುವಷ್ಟು ಆಯಸ್ಸು ಇಲ್ಲ. ಆದ್ದರಿಂದ ಯಾವ ಬೆಟ್ಟ ಎಂದು ಒಂದೇ ಸಲ ಸರಿಯಾಗಿ ಆರಿಸಬೇಕು.

ಪೈನ್ ಕ್ರೀಕ್ ವಲಯಕ್ಕೆ ಒಂದು ಪಾಯಿಂಟು ಇದ್ದರೂ ಸಾಕು, ಕೇಳಿದವರಿಗೆಲ್ಲ ಕೊಡುತ್ತಾರೆ. ಅಲ್ಲಿ ಮ್ಯೂಲ್ ಜಿಂಕೆಗಿಂತ ಕಿತ್ತಲೆ ಬಣ್ಣದ ಅಂಗಿಯ ಬೇಟೆಗಾರರೇ ಜಾಸ್ತಿ. ಒಂದು ಗುಂಡು ಹಾರಿದರೆ ಹತ್ತು ಜನ ತಲೆ ಎತ್ತುತ್ತಾರೆ. ಸೇಜ್ ಬಯಲಿಗೆ ಎಂಟು ಬೇಕು. ಗಂಡುಗಳು ದೊಡ್ಡವು, ಆದರೆ ಮೂರು ಮೈಲಿ ದೂರದಿಂದಲೇ ಆ ಕತ್ತೆಕಿವಿಗಳನ್ನು ನೆಟ್ಟಗೆ ಮಾಡಿ ನಮ್ಮನ್ನೇ ನೋಡುತ್ತ ನಿಂತಿರುತ್ತವೆ. ಹೊಟ್ಟೆಯ ಮೇಲೆ ತೆವಳುವ ವಯಸ್ಸು ನನ್ನದಲ್ಲ.

ಉಳಿದದ್ದು ಬ್ರೋಕನ್ ರಿಮ್. ಕೊನೆಯ ಸರದಿ, ನವೆಂಬರ್ ನಡು. ಹಿಮಕ್ಕೆ ಹೆದರಿ, ಬೆದೆಗೆ ಹುಚ್ಚಾಗಿ, ದೊಡ್ಡ ಗಂಡುಗಳೆಲ್ಲ ಕೆಳಗಿಳಿಯುತ್ತವೆ. ಹದಿನೈದು ಪಾಯಿಂಟು ಇಲ್ಲದವನನ್ನು ಹತ್ತಿರ ಸೇರಿಸುವುದಿಲ್ಲ. ಗಾರ್ಲಂಡ್ ಟೀಗ್‌ಗೆ ಮಾತ್ರ ಈ ಗೋಳಿಲ್ಲ. ಅಲ್ಲಿ ಅವನ ನೆಲವಿದೆ. ನೆಲವಿದ್ದವನಿಗೆ ವರ್ಷವರ್ಷವೂ ಚೀಟಿ ಮನೆಬಾಗಿಲಿಗೇ ಬರುತ್ತದೆ. ಪ್ರತಿ ನವೆಂಬರಿನಲ್ಲಿ ಅದೇ ಜುನಿಪರ್ ಮರಗಳ ಕೆಳಗೆ ಅದೇ ಡೇರೆ ಹಾಕುತ್ತಾನಂತೆ. ಒಬ್ಬನೇ ಇರುತ್ತಾನಂತೆ.

ನಾನು ಅಲ್ಲಿಗೇ ಹಾಕುತ್ತೇನೆ.

ನಿನ್ನ ಅಪ್ಪ,
ಆರ್ವಲ್ ಪ್ರೂಯಿಟ್

*

ಮಾಂಟ್ರೋಸ್
೨೯ ಜನವರಿ ೨೦೦೭

ಅಪ್ಪಾ,

ಬ್ರೋಕನ್ ರಿಮ್ ಬಗ್ಗೆ ನೀನು ಬರೆದಿರುವುದರಲ್ಲಿ ಜಿಂಕೆಗೆ ಒಂದು ಸಾಲು, ಟೀಗ್‌ಗೆ ಐದು. ನನಗೂ ಎಣಿಸಲು ಬರುತ್ತದೆ. ನೀನೇ ಕಲಿಸಿದ್ದು.

ಐದು ನವೆಂಬರ್ ಹಿಂದೆ ಅದೇ ಬೆಟ್ಟದಲ್ಲಿ ಅವನು ನಮ್ಮ ಡೀನ್‌ನನ್ನು ಕೊಂದ. ಆ ಮಾತನ್ನು ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ. ನೀನು ಆ ದಿನ ಸುದ್ದಿ ತಂದ ಫೋನನ್ನು ಗೋಡೆಯಿಂದ ಕಿತ್ತು ಹಳ್ಳಕ್ಕೆ ಎಸೆದೆ, ಅಂದಿನಿಂದ ನಾವು ಹವಾಮಾನದ ಬಗ್ಗೆ ಕಾಗದ ಬರೆಯುತ್ತಿದ್ದೇವೆ. ಈಗ ನಾನು ಆಡಿದ್ದೇನೆ. ನಿನ್ನ ಮಗನನ್ನು, ನನ್ನ ಅಣ್ಣನನ್ನು ಅವನು ಕೊಂದ. ನ್ಯಾಯಾಲಯ ಅವನನ್ನು ಬಿಟ್ಟುಬಿಟ್ಟಿತು. ನನಗೂ ಹೊಟ್ಟೆ ಉರಿಯುತ್ತದೆ.

ಆದರೆ ನೀನು ಜಿಂಕೆಗಾಗಿ ಬೆಟ್ಟ ಆರಿಸುತ್ತಿಲ್ಲ, ಅಪ್ಪ. ಮನುಷ್ಯನಿಗಾಗಿ ಆರಿಸುತ್ತಿದ್ದೀಯ. ಸೇಜ್ ಬಯಲಿಗೆ ಹಾಕು. ತೆವಳಲು ಆಗದಿದ್ದರೆ ನಾನು ಬಂದು ಕಾಲು ಹಿಡಿದು ಎಳೆಯುತ್ತೇನೆ. ಸುಮ್ಮನೆ ಕೂತು ಚಹಾ ಕುಡಿದು ಬಂದರೂ ಆಯಿತು.

ನನಗೆ ಇರುವುದು ನೀನೊಬ್ಬನೇ.

ಟ್ವೈಲಾ

*

ಸಾಲ್ಟ್ ಫೋರ್ಕ್
೧೦ ಫೆಬ್ರವರಿ ೨೦೦೭

ಟ್ವೈಲಾ,

ಎಣಿಸಲು ಬರುತ್ತದೆ ಎಂದೆಯಲ್ಲ, ಪೂರ್ತಿ ಎಣಿಸು.

ಡೀನ್‌ನ ಗುಂಡು ಬಂಡೆಯಂಚಿನ ಮೇಲೆ ಒಂದು ಗಂಡು ಜಿಂಕೆಗೆ ತಾಗಿತು. ಅರ್ಧ ಮೈಲಿ ಅದರ ರಕ್ತದ ಹಿಂದೆ ಇಳಿದ. ಜುನಿಪರ್ ಕೆಳಗೆ ಅದು ಬಿದ್ದು ಸತ್ತಿತ್ತು. ಕೊಂಬಿಗೆ ತನ್ನ ಚೀಟಿ ಕಟ್ಟಿದ, ಅಂಗಿಯ ತೋಳು ಮಡಿಸಿದ, ಹೊಟ್ಟೆ ಸೀಳಿದ. ಅಷ್ಟರಲ್ಲಿ ಟೀಗ್ ಬಂದ. ತನ್ನದೂ ಒಂದು ಗುಂಡು ಬಿದ್ದಿದೆ, ಕೊಂಬು ತನಗೆ ಸೇರಬೇಕು ಅಂದ. ಮೊದಲ ರಕ್ತ ಯಾರದೋ ಜಿಂಕೆ ಅವರದು ಅನ್ನುವುದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಟೀಗ್‌ಗೆ ಗೊತ್ತಿರಲಿಲ್ಲವಂತೆ. ನಾಲ್ಕು ಹೆಜ್ಜೆ ದೂರದಿಂದ ಕುತ್ತಿಗೆಗೆ ಹೊಡೆದ. ನಾನು ಹೋದಾಗ ನನ್ನ ಮಗ ಜಿಂಕೆಯ ಕರುಳಿನ ಮೇಲೆ ಬೋರಲು ಬಿದ್ದಿದ್ದ. ಯಾವ ರಕ್ತ ಯಾರದು ಎಂದು ತಿಳಿಯುತ್ತಿರಲಿಲ್ಲ. ಕತ್ತು ಒಂದು ಕಡೆ ಚರ್ಮದಿಂದ ಮಾತ್ರ ಅಂಟಿಕೊಂಡಿತ್ತು. ನಿನಗೆ ನಾನು ಅದನ್ನು ಹೇಳಿರಲಿಲ್ಲ. ಶವಪೆಟ್ಟಿಗೆ ಯಾಕೆ ಮುಚ್ಚಿಸಿದೆ ಎಂದು ನೀನು ಜಗಳವಾಡಿದ್ದೆಯಲ್ಲ, ಅದಕ್ಕೇ.

ಕೋರ್ಟಿನಲ್ಲಿ ಅವನು ಹೇಳಿದ್ದು ಒಂದೇ ಮಾತು. “ಚಾಕು ಹಿಡ್ಕೊಂಡು ಮೈಮೇಲೆ ಬಂದ. ಜೀವ ಉಳಿಸ್ಕೊಳ್ಳೋಕೆ ಹೊಡೆದೆ.” ಸಾಕ್ಷಿ ಯಾರೂ ಇಲ್ಲ. ಚಾಕು ಡೀನ್‌ನ ಕೈಯಲ್ಲೇ ಇತ್ತು. ನಾನು ಎದ್ದು ಕೂಗಿದೆ: “ಜಿಂಕೆ ಕೊಯ್ಯೋನ ಕೈಲಿ ಚಾಕು ಇರದೆ ಹೂವಿನ ಹಾರ ಇರ್ತದಾ?” ನ್ಯಾಯಾಧೀಶ ನನ್ನನ್ನು ಹೊರಗೆ ಹಾಕಿಸಿದ. ಜ್ಯೂರಿಯ ಹನ್ನೆರಡು ಜನ ತೀರ್ಪು ಮಾಡಲು ಒಳಗೆ ಹೋಗಿ ಊಟದ ಹೊತ್ತಿಗೆ ಮೊದಲೇ ಈಚೆ ಬಂದರು. ಅವರಲ್ಲಿ ಒಬ್ಬನಾದರೂ ಜಿಂಕೆ ಕೊಯ್ದವನಿರಲಿಲ್ಲ. ಟೀಗ್ ಮೆಟ್ಟಿಲಿಳಿದು ಅವನ ಲಾರಿ ಹತ್ತಿ ಹೋದ.

ಈಗ ಕೇಳು. ಟೀಗ್ ಪ್ರತಿ ನವೆಂಬರಿನಲ್ಲಿ ಒಂದು ಗಂಡು ಹೊಡೆಯುತ್ತಾನೆ. ಹೊಡೆದ ಮೇಲೆ ಕೊಯ್ಯಲೇಬೇಕು. ಕೊಯ್ಯಲು ಚಾಕು ಹಿಡಿಯಲೇಬೇಕು. ಆಗ ನಾನು ಮರದ ಮರೆಯಿಂದ ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲುತ್ತೇನೆ. ‘ಮೊದಲ ರಕ್ತ ನನ್ನದು’ ಅನ್ನುತ್ತೇನೆ. ಆಮೇಲೆ ಅವನು ಹೇಳಿದ್ದನ್ನೇ ಕೋರ್ಟಿನಲ್ಲಿ ಹೇಳುತ್ತೇನೆ, ಒಂದಕ್ಷರ ಬದಲಿಸದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅದಕ್ಕೇ ನನಗೆ ಆ ಬೆಟ್ಟದ ಚೀಟಿ ಬೇಕು. ಚೀಟಿ ಇಲ್ಲದೆ ಕೋವಿ ಹಿಡಿದು ಹತ್ತಿದರೆ ನಾನು ಕಳ್ಳಬೇಟೆಯವನು, ಕಳ್ಳನ ಮಾತನ್ನು ಯಾರೂ ನಂಬುವುದಿಲ್ಲ. ಅಲ್ಲದೆ ಐವತ್ತು ವರ್ಷದಲ್ಲಿ ಒಂದು ಮೊಲವನ್ನೂ ಕದ್ದು ಹೊಡೆದವನಲ್ಲ ನಾನು. ಈ ವಯಸ್ಸಿನಲ್ಲಿ ಶುರು ಮಾಡುವುದಿಲ್ಲ.

ಓದಿ ಒಲೆಗೆ ಹಾಕು.

ಅಪ್ಪ

*

ಮಾಂಟ್ರೋಸ್
೩ ಮಾರ್ಚ್ ೨೦೦೭

ಅಪ್ಪಾ,

ಒಲೆಗೆ ಹಾಕಿದೆ. ಓದಿದ್ದು ಮಾತ್ರ ಸುಡುವುದಿಲ್ಲ.

ನಿನಗೆ ಹೇಳದ ಸಂಗತಿ ನನ್ನ ಹತ್ತಿರವೂ ಒಂದಿದೆ. ಕಳೆದ ನವೆಂಬರಿನಲ್ಲಿ ನಾನು ಕೆಲಸ ಮಾಡುವ ಮಾಂಸದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೂರಾರು ಜಿಂಕೆ ಕೊಕ್ಕೆಗೆ ತೂಗುತ್ತಿದ್ದವು. ಎಲ್ಲರೂ ಬಂದು ಇಳಿಸುವುದು, ನಾವು ಸುಲಿದು ಕತ್ತರಿಸಿ ಕಟ್ಟಿಕೊಡುವುದು. ಒಬ್ಬ ಹಿಂಬಾಗಿಲಿಗೆ ಲಾರಿ ತಂದು ನಿಲ್ಲಿಸಿದ. ತಲೆ ಎತ್ತಿದರೆ ಟೀಗ್. ಕೂದಲೆಲ್ಲ ಬೆಳ್ಳಗಾಗಿದೆ. ನನ್ನ ಗುರುತು ಹಿಡಿದ.

“ಬೇರೆ ಅಂಗಡಿಗೆ ಹೋಗ್ಲಾ?” ಅಂದ.

“ಇಲ್ಲೇ ಇಡಿ,” ಅಂದೆ.

ನನ್ನ ಕೈಯಲ್ಲಿ ಮೂಳೆ ಬಿಡಿಸುವ ಚಾಕು ಇತ್ತು, ಅಪ್ಪ. ಅವನು ಬಗ್ಗಿ ಜಿಂಕೆಯ ಹಿಂಗಾಲು ಹಿಡಿದಾಗ ಅವನ ಕುತ್ತಿಗೆಯ ಹಿಂಬದಿ ನನ್ನ ಕೈಗೆ ಒಂದು ಮೊಳದ ದೂರ. ಚಾಕು ಎಲ್ಲಿ ಹಾಕಿದರೆ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ದಿನಕ್ಕೆ ಇಪ್ಪತ್ತು ಸಲ ನೋಡುವವಳು ನಾನು. ಹಾಕಲಿಲ್ಲ. ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ. ಅವನ ಜಿಂಕೆಯನ್ನು ಸುಲಿದೆ, ಕತ್ತರಿಸಿದೆ, ನಲವತ್ತು ಪೊಟ್ಟಣ ಕಟ್ಟಿದೆ, ಪ್ರತಿಯೊಂದರ ಮೇಲೂ ‘ಟೀಗ್’ ಎಂದು ಬರೆದೆ. ಮನೆಗೆ ಬಂದು ಸ್ನಾನದ ನೀರು ಬಿಟ್ಟುಕೊಂಡು ಅದರ ಸದ್ದಿನಲ್ಲಿ ಅತ್ತೆ. ಬಾಗಿಲಾಚೆ ನನ್ನ ಗಂಡ ವೇಡ್‌ಗೂ ಗೊತ್ತಾಗಲಿಲ್ಲ.

ಚಾಕು ಕೈಯಲ್ಲಿದ್ದವರೆಲ್ಲ ಹಾಕುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಇದನ್ನು ಓದಿ ನೀನು ಮನಸ್ಸು ಬದಲಿಸುವುದಿಲ್ಲ. ನಿನ್ನ ಹಟ ನನಗೆ ಗೊತ್ತಿಲ್ಲವೇ. ಹಾಗಾದರೆ ಒಬ್ಬನೇ ಹೋಗಬೇಡ. ನನ್ನನ್ನೂ ಸೇರಿಸಿಕೋ. ಗುಂಪಿನ ಅರ್ಜಿ ಹಾಕೋಣ. ಬಂದರೆ ಇಬ್ಬರಿಗೂ ಚೀಟಿ, ಇಲ್ಲದಿದ್ದರೆ ಇಬ್ಬರಿಗೂ ಇಲ್ಲ. ಹನ್ನೆರಡು ವರ್ಷದವಳಿಂದ ನನ್ನ ಹೆಸರಿನಲ್ಲಿ ನೀನೇ ಪಾಯಿಂಟು ಕೂಡಿಸಿದ್ದೀಯಲ್ಲ, ಈಗ ಉಪಯೋಗಕ್ಕೆ ಬರಲಿ. ನನ್ನ ಅರ್ಜಿ ತುಂಬಿಸಿ ಇದರ ಜೊತೆ ಇಟ್ಟಿದ್ದೇನೆ. ನಿನ್ನದನ್ನೂ ಸೇರಿಸಿ ಒಂದೇ ಲಕೋಟೆಯಲ್ಲಿ ಕಳಿಸು.

ನಿನ್ನ ಮಗಳು,
ಟ್ವೈಲಾ

*

(ಅಂಚೆಗೆ ಹಾಕದ ಕಾಗದ)

೩ ಮಾರ್ಚ್, ಅದೇ ದಿನ

ಅಪ್ಪಾ,

ಇದನ್ನು ನಿನಗೆ ಕಳಿಸುವುದಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರಿನಲ್ಲಿ ಪಾಯಿಂಟು ಇಲ್ಲ. ಒಂದೂ ಇಲ್ಲ. ಡೀನ್ ಸತ್ತು ಮೂರನೆಯ ವರ್ಷ ನಾನೂ ವೇಡೂ ಪೈನ್ ಕ್ರೀಕ್‌ಗೆ ಅರ್ಜಿ ಹಾಕಿದೆವು. ಬಿಟ್ಟಿಗೆ ಸಿಗುವ ಚೀಟಿಗೆ ನನ್ನ ಹನ್ನೆರಡು ಪಾಯಿಂಟನ್ನೂ ಸುರಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ತಿಳಿಯದೆ ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು. ಡೀನ್ ಹನ್ನೊಂದು ವರ್ಷ ಕೂಡಿಸಿ (ಆಗ ಅಷ್ಟು ಸಾಕಾಗುತ್ತಿತ್ತು) ಆ ಬೆಟ್ಟ ಹತ್ತಿದ, ಸತ್ತ. ನನ್ನ ಹೆಸರಿನಲ್ಲಿ ಅಂಥದ್ದು ಇರುವುದೇ ಬೇಡ ಅನ್ನಿಸಿತ್ತು. ಒಂದು ಎಳೆಯ ಗಂಡು ಸಿಕ್ಕಿತು, ಕೊಂಬು ನನ್ನ ಬೆರಳಷ್ಟು. ಅದನ್ನು ಹೊಡೆದು ಅದರ ಪಕ್ಕದಲ್ಲೇ ಕೂತು ಅತ್ತೆ. ನಿನಗೆ ಹೇಳಲು ನಾಚಿಕೆಯಾಯಿತು.

ಗುಂಪಿನ ಅರ್ಜಿಯಲ್ಲಿ ಯಾರ ಪಾಯಿಂಟು ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಗುಂಪಿನ ಪಾಯಿಂಟು. ಪುಸ್ತಕದ ಒಂಬತ್ತನೆಯ ಪುಟದಲ್ಲಿದೆ. ನಿನ್ನ ಹದಿನಾರು, ನನ್ನ ಸೊನ್ನೆ. ಒಟ್ಟಿಗೆ ಹಾಕಿದರೆ ಸೊನ್ನೆ. ಬ್ರೋಕನ್ ರಿಮ್ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಚೀಟಿ ಇಲ್ಲದೆ ನೀನು ಕೋವಿ ಹಿಡಿದು ಹತ್ತುವುದಿಲ್ಲ. ಮನುಷ್ಯನನ್ನು ಕೊಲ್ಲಲು ಸಿದ್ಧನಿದ್ದೀಯ, ಕದ್ದು ಬೇಟೆಯಾಡಲು ಸಿದ್ಧನಿಲ್ಲ. ಆ ಹುಚ್ಚು ನಿಯತ್ತೊಂದೇ ನನಗೆ ಉಳಿದಿರುವ ಆಸರೆ.

ನೀನು ನನ್ನ ಪಾಯಿಂಟು ಎಷ್ಟೆಂದು ಇಲಾಖೆಗೆ ಬರೆದು ಕೇಳದಿದ್ದರೆ ಸಾಕು.

ಟ್ವೈಲಾ

*

ಸಾಲ್ಟ್ ಫೋರ್ಕ್
೨೪ ಮಾರ್ಚ್ ೨೦೦೭

ಮಗಳೇ,

ಅರ್ಜಿ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೆಯೇ ಇದೆ. ಹುಟ್ಟಿದ ದಿನ, ವಲಯ, ಸರದಿ ಎಲ್ಲ ನೋಡಿದೆ. ತಪ್ಪಿಲ್ಲ.

ನೀನು ಬರೆದ ಟೀಗ್‌ನ ಕತೆಯನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ಓದಲಾಗದೆ ಕೋವಿ ತೆಗೆದುಕೊಂಡು ಕೊಟ್ಟಿಗೆಯ ಹಿಂದೆ ಹೋದೆ. ಹಳೆಯ ಬೇಲಿಕಂಬದಿಂದ ನಾಲ್ಕು ಹೆಜ್ಜೆ ಅಳೆದೆ. ಡೀನ್‌ನ ಕುತ್ತಿಗೆ ಎಷ್ಟು ಎತ್ತರಕ್ಕೆ ಬರುತ್ತಿತ್ತೋ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಹೊಡೆದೆ. ಅರ್ಧ ಕಂಬ ಹಾರಿಹೋಯಿತು. ಚಕ್ಕೆಗಳು ನನ್ನ ಮುಖಕ್ಕೇ ಬಂದು ಚುಚ್ಚಿದವು. ಅಷ್ಟು ಹತ್ತಿರದಲ್ಲಿ ಗುಂಡು ಏನು ಮಾಡುತ್ತದೆ ಎಂದು ಇಷ್ಟು ವರ್ಷದ ಬೇಟೆಯಲ್ಲಿ ನಾನು ನೋಡಿರಲಿಲ್ಲ. ಅಷ್ಟು ಹತ್ತಿರ ಯಾವ ಪ್ರಾಣಿಯೂ ಬರುವುದಿಲ್ಲ. ಒಳಗೆ ಬಂದು ಕನ್ನಡಿ ಮುಂದೆ ನಿಂತು ಚಕ್ಕೆಗಳನ್ನು ಒಂದೊಂದೇ ಕಿತ್ತೆ. ಆಮೇಲೆ ಮತ್ತೆ ಹೋಗಿ ಇನ್ನೆರಡು ಹೊಡೆದೆ, ಅಭ್ಯಾಸವಾಗಲಿ ಎಂದು.

ನಿನ್ನ ಅರ್ಜಿ, ನನ್ನ ಅರ್ಜಿ ಮೂರು ದಿನದಿಂದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿವೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಲಕೋಟೆ ತಂದಿಟ್ಟಿದ್ದೇನೆ. ನಾಳೆ ಹಾಕುತ್ತೇನೆ. ಮೊಣಕಾಲು ನೋವು ಕಡಿಮೆ.

ಅಪ್ಪ

*

ಸಾಲ್ಟ್ ಫೋರ್ಕ್
೯ ಜೂನ್ ೨೦೦೭

ಟ್ವೈಲಾ,

ಮೊನ್ನೆ ಇಲಾಖೆಯ ಉತ್ತರ ಬಂತು. ಇಬ್ಬರಿಗೂ ಇಲ್ಲ.

ಬಾಗಿಲಿಗೆ ಗುದ್ದಿದೆ. ಹಲಗೆ ಸೀಳಿತು. ನನ್ನ ಬೆರಳುಗಂಟುಗಳೂ ಸೀಳಿದವು. ನಾಯಿ ಎರಡು ದಿನದಿಂದ ಹತ್ತಿರ ಬರುತ್ತಿಲ್ಲ.

ಬೇರೆ ಏನೂ ಬರೆಯುವುದಿಲ್ಲ.

ಆರ್ವಲ್

*

ಮಾಂಟ್ರೋಸ್
೧೬ ಜೂನ್ ೨೦೦೭

ಅಪ್ಪಾ,

ನಾನೇ ಮಾಡಿದ್ದು.

ನನ್ನ ಹೆಸರಿನಲ್ಲಿ ಸೊನ್ನೆ ಇತ್ತು. ಎರಡು ವರ್ಷ ಹಿಂದೆ ಪೈನ್ ಕ್ರೀಕ್‌ನಲ್ಲಿ ಎಲ್ಲ ಕಳೆದುಕೊಂಡೆ. ಗುಂಪಿನಲ್ಲಿ ಕಡಿಮೆ ಇರುವವರ ಪಾಯಿಂಟೇ ಲೆಕ್ಕ ಎಂದು ಗೊತ್ತಿದ್ದೇ ನಿನ್ನ ಜೊತೆ ಸೇರಿಸು ಎಂದು ಗೋಗರೆದೆ. ನಿನ್ನ ಮಗಳು ನಿನಗೆ ಮೋಸ ಮಾಡಿದಳು. ಬೈಯುವುದಾದರೆ ಬೈ, ಬಾಗಿಲಿಗೆ ಗುದ್ದುವ ಬದಲು ಇಲ್ಲಿಗೆ ಬಂದು ನನಗೇ ಎರಡು ಬಿಗಿ.

ಟೀಗ್ ಬದುಕಿರಲಿ ಎಂದು ಮಾಡಿದ್ದಲ್ಲ. ಅವನು ನಾಳೆಯೇ ಸತ್ತರೆ ನಾನು ಕಣ್ಣೀರು ಹಾಕುವುದಿಲ್ಲ. ಆದರೆ ಇನ್ನೊಬ್ಬ ಪ್ರೂಯಿಟ್‌ನನ್ನು ಆ ಬೆಟ್ಟಕ್ಕೆ ಕೊಡುವುದಿಲ್ಲ. ಆ ಹನ್ನೆರಡು ಜನ ಟೀಗ್‌ನನ್ನು ಬಿಟ್ಟರು, ನಿನ್ನನ್ನು ಬಿಡುವುದಿಲ್ಲ. ಅವನಿಗೆ ನೆಲವಿದೆ. ನಿನಗೆ ಇರುವುದು ಕಾರಣ. ಕಾರಣವಿದ್ದವನನ್ನೇ ಜೈಲಿಗೆ ಹಾಕುವುದು.

ಉತ್ತರ ಬರೆ. ಬೈಗುಳವಾದರೂ ಸರಿ.

ಟ್ವೈಲಾ

*

ಮಾಂಟ್ರೋಸ್
೩೦ ಸೆಪ್ಟೆಂಬರ್ ೨೦೦೭

ಅಪ್ಪಾ,

ಇದು ಐದನೆಯ ಕಾಗದ. ನೀನು ಒಂದಕ್ಕೂ ಬರೆದಿಲ್ಲ.

ಕಳೆದ ಭಾನುವಾರ ಬಂದಿದ್ದೆ. ಬಾಗಿಲು ಹಾಕಿತ್ತು. ನಾಯಿ ಮಾತ್ರ ಬಂದು ಕೈ ನೆಕ್ಕಿತು. ಪಕ್ಕದ ಹೊಲದ ಮಿಸೆಸ್ ಆಡ್ಕಾಕ್ ಬೇಲಿಯ ಹತ್ತಿರ ನಿಂತು ಹೇಳಿದರು: “ನಿಮ್ಮಪ್ಪ ದಿನಾ ಬೆನ್ನಿಗೆ ಕಲ್ಲಿನ ಚೀಲ ಕಟ್ಕೊಂಡು ಗುಡ್ಡ ಹತ್ತುತ್ತಾನೆ ಕಣಮ್ಮ. ಯಾಕಯ್ಯಾ ಅಂದ್ರೆ, ಕಾಲಿಗೆ ತುಕ್ಕು ಹಿಡಿದಿದೆ ಅಂತಾನೆ.” ಕೊಟ್ಟಿಗೆಯ ಹಿಂದೆ ಹೋಗಿ ಆ ಬೇಲಿಕಂಬ ನೋಡಿದೆ. ಈಗ ಅಲ್ಲಿ ಕಂಬವೇ ಇಲ್ಲ. ಬುಡ ಮಾತ್ರ ಇದೆ.

ಚೀಟಿ ಇಲ್ಲದೆ ಯಾತಕ್ಕೆ ಕಾಲಿಗೆ ಸಾಣೆ ಹಿಡಿಯುತ್ತಿದ್ದೀಯ? ಕೋವಿಯನ್ನು ನನ್ನ ಕೈಗೆ ಕೊಡು. ನವೆಂಬರ್ ಮುಗಿದ ಮೇಲೆ ನಾನೇ ತಂದುಕೊಡುತ್ತೇನೆ. ನಿನ್ನ ಕಾಲು ಹಿಡಿಯುತ್ತೇನೆ, ಅಪ್ಪ.

ಟ್ವೈಲಾ

*

ಸಾಲ್ಟ್ ಫೋರ್ಕ್
೨೪ ನವೆಂಬರ್ ೨೦೦೭

ಮಗಳೇ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮಣಿಕಟ್ಟು ಮುರಿದಿದೆ, ಪಟ್ಟಿ ಹಾಕಿದ್ದಾರೆ. ಈಗ ನನ್ನ ಅಕ್ಷರವೂ ಕೋಳಿ ಕೆದಕಿದ ಹಾಗೆಯೇ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹದಿನಾರನೆಯ ತಾರೀಖು ಬೆಳಗ್ಗೆ ಬ್ರೋಕನ್ ರಿಮ್ ಹತ್ತಿದೆ. ಕೋವಿ ಮನೆಯಲ್ಲೇ ಮೊಳೆಗೆ ತೂಗುತ್ತಿತ್ತು. ಬರಿಗೈಯಲ್ಲಿ ಬೆಟ್ಟ ಹತ್ತಬಾರದು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಬೆನ್ನಿಗೆ ಡೀನ್‌ನ ಜಿಂಕೆಯ ಕೊಂಬು ಕಟ್ಟಿಕೊಂಡಿದ್ದೆ. ಕೋರ್ಟಿನವರು ವಾಪಸು ಕೊಟ್ಟ ಮೇಲೆ ಅದನ್ನು ಗೋಡೆಗೆ ಹಾಕಲೂ ಆಗದೆ, ಎಸೆಯಲೂ ಆಗದೆ ಕೊಟ್ಟಿಗೆಯಲ್ಲಿ ಇಟ್ಟಿದ್ದೆ. ಅವನ ಚೀಟಿ ಅದರಲ್ಲಿ ಹಾಗೇ ಇತ್ತು. ಅವನು ಬಿದ್ದ ಜಾಗದಲ್ಲಿ ಬಿಟ್ಟು ಬರೋಣ ಎಂದುಕೊಂಡೆ. ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಬೇಡ, ನಾನೂ ನಂಬಿರಲಿಲ್ಲ.

ಜುನಿಪರ್ ಹತ್ತಿರ ಬರುವಾಗ ಒಂದು ಗುಂಡಿನ ಸದ್ದು ಕೇಳಿತು. ಕಾದೆ. ಆಮೇಲೆ ಇಳಿದೆ. ಟೀಗ್ ಒಂದು ದೊಡ್ಡ ಗಂಡಿನ ಮೇಲೆ ಬಗ್ಗಿದ್ದ. ತೋಳು ಮೊಣಕೈವರೆಗೆ ಕೆಂಪು. ಕೈಯಲ್ಲಿ ಚಾಕು. ಕೋವಿ ದೂರದ ಮರಕ್ಕೆ ಒರಗಿತ್ತು. ನಾನು ವರ್ಷವಿಡೀ ಕಣ್ಣಿಗೆ ಕಟ್ಟಿಕೊಂಡಿದ್ದ ಹಾಗೆಯೇ ಇತ್ತು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ.

ಅವನು ತಲೆ ಎತ್ತಿದ. ನನ್ನ ಮುಖ ನೋಡಿದ, ಆಮೇಲೆ ಕೈ ನೋಡಿದ.

“ಕೋವಿ ಎಲ್ಲಿ, ಆರ್ವಲ್?” ಅಂದ.

“ಚೀಟಿ ಸಿಗ್ಲಿಲ್ಲ,” ಅಂದೆ.

ನಗಬೇಕೋ ಅಳಬೇಕೋ ತಿಳಿಯದವನ ಹಾಗೆ ಅವನ ಬಾಯಿ ಸೊಟ್ಟಗಾಯಿತು. “ಐದು ವರ್ಷದಿಂದ ಕಾಯ್ತಿದೀನಿ ಕಣೋ, ನೀನು ಬರ್ತೀಯ ಅಂತ. ಅದಕ್ಕೇ ಡೇರೇನ ಇಲ್ಲೇ ಹಾಕೋದು.”

“ಒಂದು ಮಾತು ಕೇಳ್ತೀನಿ. ಅವನು ಚಾಕು ಎತ್ತಿದ್ನಾ?”

ಜಿಂಕೆಯ ಹೊಟ್ಟೆಯಿಂದ ಹಬೆ ಏಳುತ್ತಿತ್ತು.

“ಇಲ್ಲ,” ಅಂದ. “ಕರುಳು ತೆಗೀತಾ ಇದ್ದ. ಕೊಂಬು ನಂದು ಅಂದೆ. ತಲೆ ಎತ್ತಿ ನಕ್ಕ. ‘ಹೋಗಣ್ಣಾ, ನೆಲ ಇದ್ದೋರಿಗೆ ಹೇಗೂ ಮುಂದಿನ ವರ್ಷ ಸಿಗುತ್ತೆ’ ಅಂದ. ನಕ್ಕಿದ್ದಕ್ಕೆ ಹೊಡೆದೆ. ಅಷ್ಟೇ ಇರೋದು.”

ನಮ್ಮ ಡೀನ್ ಹಾಗೇ ನಗುತ್ತಿದ್ದ, ನಿನಗೆ ನೆನಪಿದೆಯಲ್ಲ. ಯಾರನ್ನೂ ನೋಯಿಸುವ ನಗುವಲ್ಲ ಅದು.

ಬೆನ್ನಿನಿಂದ ಕೊಂಬು ಯಾವಾಗ ಬಿಚ್ಚಿದೆನೋ ಗೊತ್ತಿಲ್ಲ. ಮೊದಲ ಏಟಿ‌ಗೇ ಒಂದು ಕವಲು ಅವನ ಕೆನ್ನೆ ತೂರಿ ಬಾಯೊಳಗೆ ಹೋಯಿತು. ಹಲ್ಲು ಮುರಿದ ಸದ್ದು ಕೇಳಿತು. ಎಳೆದು ತೆಗೆದು ಮತ್ತೆ ಹೊಡೆದೆ. ಅವನು ಚಾಕು ಕೆಳಗೆ ಬಿಟ್ಟ. ಕೈ ಎತ್ತಲಿಲ್ಲ, ಕೂಗಲಿಲ್ಲ, ಹಿಂದೆ ಸರಿಯಲಿಲ್ಲ. ಬಿದ್ದ ಮೇಲೂ ಹೊಡೆದೆ. ಅವನ ಎಡಗಣ್ಣು ಹೋಯಿತು. ಕೊಂಬು ಎರಡು ತುಂಡಾಯಿತು, ಅದೇ ಏಟಿಗೆ ನನ್ನ ಮಣಿಕಟ್ಟೂ. ಆಮೇಲೆ ಎಡಗೈಯಲ್ಲಿ ಗುದ್ದಿದೆ. ಕೋವಿ ಇದ್ದಿದ್ದರೆ ಒಂದು ಬೆರಳಿನ ಕೆಲಸ. ಕೈಯಿಂದ ಕೊಲ್ಲಲು ಬಹಳ ಹೊತ್ತು ಬೇಕು, ಟ್ವೈಲಾ. ಅಷ್ಟು ಹೊತ್ತಿನಲ್ಲಿ ಮನುಷ್ಯನಿಗೆ ಸುಸ್ತಾಗುತ್ತದೆ. ನನಗೆ ಸುಸ್ತಾಯಿತು. ಅವನ ಪಕ್ಕದಲ್ಲೇ ಹಿಮದ ಮೇಲೆ ಕೂತು ಏದುಸಿರು ಬಿಟ್ಟೆ. ಅವನೂ ಉಸಿರಾಡುತ್ತಿದ್ದ, ಗೊರಗೊರ ಎಂದು. ಇಬ್ಬರು ಮುದುಕರು, ನಡುವೆ ಒಂದು ಜಿಂಕೆ. ಅವನ ಜೀವ ತೆಗೆಯಲು ಇನ್ನೊಂದು ಕಲ್ಲು ಸಾಕಿತ್ತು. ಕಲ್ಲು ಕೈಗೆಟುಕುವಲ್ಲೇ ಇತ್ತು. ಎತ್ತಲಿಲ್ಲ.

ಅವನನ್ನು ಅವನದೇ ಲಾರಿಯವರೆಗೆ ಎಳೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದೆ.

ಮರುದಿನ ಶೆರಿಫ್ ಮನೆಗೆ ಬಂದ. “ಬಂಡೆ ಮೇಲಿಂದ ಜಾರಿ ಬಿದ್ದೆ ಅಂತ ಬರೆದುಕೊಟ್ಟಿದಾನೆ ಟೀಗ್. ಬಂಡೆಗೆ ಕೊಂಬಿತ್ತಾ, ಆರ್ವಲ್?”

“ಬಂಡೇನೇ ಕೇಳಿ,” ಅಂದೆ.

“ಸಾಕ್ಷಿ ಯಾರೂ ಇಲ್ಲ.”

“ಆ ಬೆಟ್ಟದ ಮೇಲೆ ಯಾವತ್ತೂ ಇರಲ್ಲ, ಸಾಹೇಬ್ರೇ.”

ಅವನು ನನ್ನ ಕೈಯ ಪಟ್ಟಿ ನೋಡಿದ, ಟೋಪಿ ಹಾಕಿಕೊಂಡು ಹೋದ.

ಅದಾದ ಮೇಲೆ ಆ ಜಿಂಕೆ ನೆನಪಾಯಿತು. ಹೊಡೆದ ಮಾಂಸವನ್ನು ಕಾಗೆಗೆ ಬಿಡುವುದು ಪಾಪ, ಕಾನೂನಿಗೂ ತಪ್ಪು. ಮಿಸೆಸ್ ಆಡ್ಕಾಕ್ ಅವರ ಹೇಸರಗತ್ತೆ ಕೇಳಿ ತಂದು, ಮತ್ತೆ ಹತ್ತಿ, ಒಂದೇ ಕೈಯಲ್ಲಿ ನಾಲ್ಕು ತುಂಡು ಮಾಡಿ ಇಳಿಸಿದೆ. ಈಗ ಕೊಟ್ಟಿಗೆಯಲ್ಲಿ ತೂಗುತ್ತಿದೆ. ಚಳಿ ಇದೆ, ಇನ್ನೊಂದು ವಾರ ಕೆಡುವುದಿಲ್ಲ. ಟೀಗ್‌ನ ಚೀಟಿ ಅದರ ಕೊಂಬಿಗೇ ಕಟ್ಟಿದೆ. ನಿನ್ನ ಚಾಕುಗಳನ್ನು ತೆಗೆದುಕೊಂಡು ಬಾ. ಕತ್ತರಿಸಿ ಕಟ್ಟು, ಹೆಸರು ಬರೆ. ನಾನೇ ತೆಗೆದುಕೊಂಡು ಹೋಗಿ ಅವನ ಬಾಗಿಲಲ್ಲಿ ಇಟ್ಟು ಬರುತ್ತೇನೆ. ಅವನನ್ನು ಕ್ಷಮಿಸಿದೆ ಎಂದು ತಿಳಿಯಬೇಡ. ಸಾಯುವವರೆಗೂ ಕ್ಷಮಿಸುವುದಿಲ್ಲ. ಜಿಂಕೆ ಅವನದು, ಅಷ್ಟೇ.

ಇನ್ನು ನಿನ್ನ ಜೂನ್ ಕಾಗದದ ಮಾತು. ಉತ್ತರ ಬರೆಯಲು ಇಷ್ಟು ದಿನ ನಾಚಿಕೆಯಾಗಿತ್ತು.

ನೀನು ನನಗೆ ಮೋಸ ಮಾಡಲಿಲ್ಲ, ಮಗಳೇ. ಯಾರಿಗೆ ಎಷ್ಟು ಪಾಯಿಂಟು ಎಂದು ಇಲಾಖೆಯವರು ಪ್ರತಿ ಫೆಬ್ರವರಿಯಲ್ಲಿ ಒಂದು ಕಾರ್ಡು ಕಳಿಸುತ್ತಾರೆ. ನೀನು ವಿಳಾಸ ಬದಲಿಸಿರಲಿಲ್ಲ. ಹೋದ ವರ್ಷವೂ ಬಂತು, ಈ ವರ್ಷವೂ ಬಂತು. ನಿನ್ನ ಹೆಸರು, ಅದರ ಮುಂದೆ ಸೊನ್ನೆ. ಹೋದ ವರ್ಷ ಅದನ್ನು ನೋಡಿ ಒಂದು ವಾರ ನಿನ್ನನ್ನು ಮನಸ್ಸಿನಲ್ಲೇ ಬೈದೆ. ಈ ವರ್ಷದ್ದನ್ನು ನಿನ್ನ ಅರ್ಜಿ ಬಂದ ದಿನ ಅದರ ಪಕ್ಕದಲ್ಲಿ ಇಟ್ಟುಕೊಂಡು ಕೂತೆ. ಒಂಬತ್ತನೆಯ ಪುಟ ನನಗೂ ಓದಲು ಬರುತ್ತದೆ.

ಎರಡು ಲಕೋಟೆ ಇದ್ದವು. ಬೇರೆಬೇರೆಯಾಗಿ ಹಾಕಿದ್ದರೆ ನನಗೆ ಚೀಟಿ ಬಂದೇ ಬರುತ್ತಿತ್ತು, ಟೀಗ್ ಸತ್ತೇ ಸಾಯುತ್ತಿದ್ದ. ಮೂರು ದಿನ ಕೈ ಆಡಲಿಲ್ಲ. ನಾಲ್ಕನೆಯ ದಿನ ಎರಡನ್ನೂ ಒಂದರೊಳಗೆ ಹಾಕಿ ಅಂಟಿಸಿದೆ, ಮನಸ್ಸು ತಿರುಗುವ ಮೊದಲು ಓಡಿಹೋಗಿ ಡಬ್ಬಿಗೆ ಹಾಕಿದೆ. ಜೂನಿನಲ್ಲಿ ಬಾಗಿಲಿಗೆ ಗುದ್ದಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ.

ಈಗ ನನಗೆ ಹದಿನೇಳು, ನಿನಗೆ ಒಂದು. ಸೇರಿಸಿದರೆ ಒಂದು. ಪೈನ್ ಕ್ರೀಕ್‌ಗೆ ಒಂದು ಸಾಕು. ಕಿತ್ತಲೆ ಅಂಗಿಯವರ ನಡುವೆ ಕೂತು ಚಹಾ ಕುಡಿದು ಬರೋಣ. ನನ್ನ ಹದಿನೇಳೂ ಹೊಳೆಗೆ ಹೋಗಲಿ. ಜನವರಿಯಲ್ಲಿ ಹೊಸ ಪುಸ್ತಕ ಬರುತ್ತದೆ. ನಿನ್ನ ಅರ್ಜಿ ತುಂಬಿಸಿ ಕಳಿಸು.

ಈ ಸಲ ಒಂದೇ ಲಕೋಟೆ ತರುತ್ತೇನೆ.

ಅಪ್ಪ